ಆರ್ಡರ್ 1.5 ಬಂದಿದೆ, ರೆಕಾರ್ಡಿನಲ್ಲಿ 1 ಅಂತ ತಿದ್ದಲಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಕಲಬುರಗಿಯ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಪೊಟ್ಯಾಶಿಯಂ ಪರ್ಸಲ್ಫೇಟ್ ಮತ್ತು ಪೊಟ್ಯಾಶಿಯಂ ಅಯೋಡೈಡ್ ಕ್ರಿಯೆಯ ರೇಟ್ ಲಾ (ಸಾಂದ್ರತೆ ಬದಲಾದರೆ ವೇಗ ಹೇಗೆ ಬದಲಾಗುತ್ತದೆ ಅನ್ನುವ ನಿಯಮ) ಕಂಡುಹಿಡಿಯುವ ಪ್ರಯೋಗ ಕೊಟ್ಟಿದ್ದರು. ಪ್ರತಿ ಫ್ಲಾಸ್ಕಿನಲ್ಲೂ ಒಟ್ಟು 50 ಎಂ.ಎಲ್. ದ್ರಾವಣ. ಅದರಲ್ಲಿ 0.01 ಮೋಲಾರ್ ಥಯೋಸಲ್ಫೇಟ್ 5 ಎಂ.ಎಲ್., ಜೊತೆಗೆ ಸ್ವಲ್ಪ ಸ್ಟಾರ್ಚ್. ಕಡಿಮೆ ಬಿದ್ದಲ್ಲಿ ನೀರು ಹಾಕಿದೆ. ನೀಲಿ ಬಣ್ಣ ಬರುವವರೆಗಿನ ಸಮಯ ನೋಡಿದೆ.

ಮೊದಲ ದಿನ ಪರ್ಸಲ್ಫೇಟ್ 0.02 ಮೋಲಾರ್ ಇಟ್ಟು, ಅಯೋಡೈಡನ್ನು 0.02, 0.04, 0.08 ಮೋಲಾರ್ ಮಾಡಿದೆ. ಸಮಯ 208, 73, 25 ಸೆಕೆಂಡ್. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದ್ದು. ನಡುವೆ ಕ್ಲಾಸು, ಊಟ ಎಲ್ಲಾ ಆಗಿ ಮುಗಿಯುವಾಗ ಮಧ್ಯಾಹ್ನ ಎರಡು ದಾಟಿತ್ತು. ಗೋಡೆಯ ಥರ್ಮಾಮೀಟರ್ ಶುರುವಿನಲ್ಲಿ 30, ಕೊನೆಗೆ 38 ಡಿಗ್ರಿ ತೋರಿಸಿತು. ಮರುದಿನ ಮಧ್ಯಾಹ್ನ ಅಯೋಡೈಡ್ 0.04 ಇಟ್ಟು, ಪರ್ಸಲ್ಫೇಟನ್ನು 0.01, 0.02, 0.04 ಮಾಡಿದೆ. 140, 61, 25 ಸೆಕೆಂಡ್. ಇದು ಒಂದು ಗಂಟೆಯೊಳಗೆ ಮುಗಿಯಿತು. ಪ್ರತಿಯೊಂದನ್ನೂ ಮೂರು ಸಲ ಮಾಡಿ ಸರಾಸರಿ ತೆಗೆದಿದ್ದೇನೆ.

ಲೆಕ್ಕ ಹಾಕಿದರೆ ಆರ್ಡರ್, ಅಂದರೆ ಸಾಂದ್ರತೆಯ ಎಷ್ಟನೇ ಘಾತಕ್ಕೆ ತಕ್ಕಂತೆ ವೇಗ ಏರುತ್ತದೆ ಅನ್ನುವ ಸಂಖ್ಯೆ, ಅಯೋಡೈಡಿಗೆ 1.5, ಪರ್ಸಲ್ಫೇಟಿಗೆ 1.24 ಬರುತ್ತಿದೆ. ಸೀನಿಯರ್ಸ್ ರೆಕಾರ್ಡಿನಲ್ಲಿ ಎರಡಕ್ಕೂ 1 ಇದೆ. ಸಮೀಕರಣದಲ್ಲಿ ಅಯೋಡೈಡಿನ ಮುಂದೆ 2 ಇದೆಯಲ್ಲ, ಹಾಗಾದರೆ 2 ಬರಬೇಕು ಅಂತ ಗೆಳತಿ ಹೇಳುತ್ತಾಳೆ. ಆರ್ಡರ್ ಪೂರ್ಣ ಸಂಖ್ಯೆಯೇ ಇರಬೇಕು ಅಂತ ಇನ್ನೊಬ್ಬರು ಹೇಳಿದರು. ಆದರೆ ನನ್ನ ಗ್ರಾಫಿನ ಗೆರೆ ತುಂಬಾ ನೇರವಾಗಿದೆ, ಆರ್-ಸ್ಕ್ವೇರ್ 0.999 ಇದೆ. ನನ್ನದು ಸರಿನಾ? ಇಲ್ಲಾ 1 ಅಂತ ತಿದ್ದಿ ಬರೆದುಬಿಡಲಾ? ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಿದೆ.

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ತುಂಬಾ ಇಷ್ಟವಾದದ್ದು ಏನು ಗೊತ್ತಾ? ಸಮಯ, ಸಾಂದ್ರತೆಗಳ ಜೊತೆಗೆ ಎಷ್ಟು ಗಂಟೆಗೆ ಮಾಡಿದಿರಿ, ಗೋಡೆಯ ಥರ್ಮಾಮೀಟರ್ ಎಷ್ಟು ತೋರಿಸಿತು ಅನ್ನುವುದನ್ನೂ ಬರೆದಿದ್ದೀರಿ. ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ. ಬರೆದಿದ್ದರಿಂದಲೇ ನಿಮ್ಮ 1.5 ಎಲ್ಲಿಂದ ಬಂತು ಅಂತ ಇಲ್ಲಿ ಕೂತೇ ಲೆಕ್ಕ ಹಾಕಲು ಆಯಿತು.

ನೇರವಾಗಿ ಹೇಳುತ್ತೇನೆ. ನಿಮ್ಮ ಕೈಕೆಲಸ ಚೆನ್ನಾಗಿದೆ, ಅಂಕಿಗಳೂ ನಂಬುವಂಥವು. ಆದರೆ 1.5 ಆ ಕ್ರಿಯೆಯ ಆರ್ಡರ್ ಅಲ್ಲ. ಅದರಲ್ಲಿ ಅಯೋಡೈಡಿನ ಪಾಲು ಇದೆ, ಕಲಬುರಗಿ ಬಿಸಿಲಿನ ಪಾಲು ಇದೆ, ಫ್ಲಾಸ್ಕಿನಲ್ಲಿದ್ದ ಒಟ್ಟು ಉಪ್ಪಿನ (ಅಂದರೆ ಕರಗಿದ ಎಲ್ಲಾ ಲವಣಗಳ) ಪಾಲೂ ಇದೆ. ಮೂರನ್ನೂ ಬಿಡಿಸಬಹುದು. ಅದಕ್ಕೆ ಮೊದಲು ನಿಮ್ಮ ಗೆಳತಿಯರ ಮಾತು ಎಷ್ಟು ಸರಿ ಅಂತ ನೋಡೋಣ.

ಸಮೀಕರಣದಲ್ಲಿ 2 ಇದೆ, ಅದಕ್ಕೆ ಆರ್ಡರ್ 2 ಅನ್ನುವುದು ತಪ್ಪು. ಪಿಯುಸಿಯಲ್ಲಿ ಎಷ್ಟು ಸಲ ಹೇಳಿದರೂ ಈ ತಪ್ಪು ಹೋಗುವುದಿಲ್ಲ. ಸಮೀಕರಣ ಒಟ್ಟು ಲೆಕ್ಕವನ್ನು ಮಾತ್ರ ಹೇಳುತ್ತದೆ. ಏನು ಎಷ್ಟು ಖರ್ಚಾಯಿತು, ಏನು ಎಷ್ಟು ಬಂತು, ಅಷ್ಟೇ. ಕ್ರಿಯೆ ಯಾವ ದಾರಿಯಲ್ಲಿ ನಡೆಯಿತು, ಯಾವ ಹಂತ ನಿಧಾನ ಅನ್ನುವುದು ಅದರಲ್ಲಿ ಇರುವುದಿಲ್ಲ. ನಿಮ್ಮ ಕ್ರಿಯೆಯಲ್ಲಿ ಒಂದು ಪರ್ಸಲ್ಫೇಟ್ ಅಯಾನು, ಒಂದು ಅಯೋಡೈಡ್ ಅಯಾನು ಸೇರುವ ಹಂತ ನಿಧಾನ. ಎರಡನೇ ಅಯೋಡೈಡ್ ಬರುವುದು ಆಮೇಲಿನ ಬೇಗನೆ ಮುಗಿಯುವ ಹಂತದಲ್ಲಿ. ಅದಕ್ಕೇ ವೇಗ ಎರಡನೇ ಅಯೋಡೈಡನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆರ್ಡರ್ 1 ಮತ್ತು 1. ಇನ್ನೂ ಸ್ಪಷ್ಟ ಉದಾಹರಣೆ ಬೇಕಿದ್ದರೆ ಆಮ್ಲದಲ್ಲಿ ಅಸಿಟೋನ್ ಮತ್ತು ಅಯೋಡಿನ್ ಕ್ರಿಯೆ ನೋಡಿ. ಸಮೀಕರಣದಲ್ಲಿ ಅಯೋಡಿನ್ ಇದೆ, ಆದರೆ ಅದನ್ನು ಎರಡು ಪಟ್ಟು ಹಾಕಿದರೂ ವೇಗ ಕದಲುವುದಿಲ್ಲ. ಅದರ ಆರ್ಡರ್ ಸೊನ್ನೆ. ಅಸಿಟೋನಿನ ಜೊತೆಗೆ, ಸಮೀಕರಣದಲ್ಲೇ ಇಲ್ಲದ ಆಮ್ಲವೂ ವೇಗವನ್ನು ನಿರ್ಧರಿಸುತ್ತದೆ. ಲ್ಯಾಪ್‌ವರ್ತ್ ಇದನ್ನು 1904ರಲ್ಲೇ ತೋರಿಸಿದರು.

ಆರ್ಡರ್ ಪೂರ್ಣ ಸಂಖ್ಯೆಯೇ ಇರಬೇಕು ಅನ್ನುವುದೂ ಸರಿಯಲ್ಲ. ಹೈಡ್ರೋಜನ್ ಮತ್ತು ಬ್ರೋಮಿನ್ ಅನಿಲಗಳ ಕ್ರಿಯೆಯನ್ನು ಬೋಡನ್‌ಸ್ಟೈನ್ ಮತ್ತು ಲಿಂಡ್ 1906ರಲ್ಲಿ ಅಳೆದರು. ಶುರುವಿನಲ್ಲಿ ಬ್ರೋಮಿನ್ನಿನ ಆರ್ಡರ್ ಅರ್ಧ. ಹೈಡ್ರೋಜನ್ ಬ್ರೋಮೈಡ್ ಕೂಡಿಕೊಳ್ಳುತ್ತಾ ಹೋದ ಹಾಗೆ ರೇಟ್ ಲಾ ಇನ್ನೂ ಜಟಿಲ, ಆಗ ಒಂದೇ ಆರ್ಡರ್ ಅಂತ ಹೇಳಲೂ ಆಗುವುದಿಲ್ಲ. ಬಿಸಿಯಲ್ಲಿ ಅಸಿಟಾಲ್ಡಿಹೈಡ್ ಒಡೆಯುವ ಕ್ರಿಯೆಯ ಆರ್ಡರ್ 1.5. ಹಾಗಾಗಿ 1.5 ಅನ್ನುವ ಸಂಖ್ಯೆ ಕಂಡ ಕೂಡಲೇ ತಪ್ಪು ಅಂತ ಗೆರೆ ಹೊಡೆಯಬಾರದು. ನಿಮ್ಮ 1.5 ಅನ್ನು ನಾನು ಒಪ್ಪದಿರುವುದಕ್ಕೆ ಕಾರಣ ಬೇರೆ.

ಆ ಕಾರಣ ನಿಮ್ಮ ಪತ್ರದಲ್ಲೇ ಇದೆ. ಎರಡೂ ದಿನದ ಅಂಕಿಗಳನ್ನು ಪಕ್ಕ ಪಕ್ಕ ಇಡಿ. ಮೊದಲ ದಿನದ ನಡುವಿನ ಫ್ಲಾಸ್ಕಿನಲ್ಲಿ ಅಯೋಡೈಡ್ 0.04, ಪರ್ಸಲ್ಫೇಟ್ 0.02. ಎರಡನೇ ದಿನದ ನಡುವಿನ ಫ್ಲಾಸ್ಕಿನಲ್ಲೂ ಅಯೋಡೈಡ್ 0.04, ಪರ್ಸಲ್ಫೇಟ್ 0.02. ಒಂದೇ ಮಿಶ್ರಣ. ಮೊದಲ ದಿನ 73 ಸೆಕೆಂಡ್ ತೆಗೆದುಕೊಂಡಿತು, ಎರಡನೇ ದಿನ 61. ನೀವು ಸ್ಟಾಪ್‌ವಾಚ್ ಒತ್ತುವುದರಲ್ಲಿ ಒಂದು ಸೆಕೆಂಡ್ ಹೆಚ್ಚು ಕಡಿಮೆ ಆಗಬಹುದು, ಹನ್ನೆರಡು ಸೆಕೆಂಡ್ ಆಗಲ್ಲ. ಅಂದರೆ ಸಾಂದ್ರತೆ ಬಿಟ್ಟು ಇನ್ನೇನೋ ಬದಲಾಗಿದೆ. ಒಂದೇ ಮಿಶ್ರಣಕ್ಕೆ ಎರಡು ಉತ್ತರ ಕೊಡುವ ಅಂಕಿಗಳಿಂದ ಸಾಂದ್ರತೆಯ ನಿಯಮ ತೆಗೆಯಲು ಹೋಗಬಾರದು. ಮೊದಲು ಆ ಇನ್ನೇನೋ ಯಾವುದು ಅಂತ ಹುಡುಕಬೇಕು.

ಇಲ್ಲಿ ನಿಮ್ಮ ಆರ್-ಸ್ಕ್ವೇರ್ ಬಗ್ಗೆ ಒಂದು ಮಾತು. ಸಾಂದ್ರತೆಯ ಲಾಗ್ ಒಂದು ಕಡೆ, ವೇಗದ ಲಾಗ್ ಇನ್ನೊಂದು ಕಡೆ ಇಟ್ಟು ಗೆರೆ ಎಳೆದಿದ್ದೀರಿ. ಮೂರು ಬಿಂದುವೂ ಗೆರೆಯ ಮೇಲೆ ಕೂತಿವೆ. ಕೂರಲೇಬೇಕಿತ್ತು. ಯಾಕೆಂದರೆ ಅಯೋಡೈಡ್ ಎರಡು ಪಟ್ಟು ಆದ ಪ್ರತಿ ಸಲವೂ ಲ್ಯಾಬ್ ಸುಮಾರು ನಾಲ್ಕು ಡಿಗ್ರಿ ಬಿಸಿಯಾಗಿದೆ. ಎರಡೂ ಒಟ್ಟಿಗೆ, ಒಂದೇ ಹದದಲ್ಲಿ ಏರಿದರೆ ಗೆರೆ ನೇರವಾಗಿಯೇ ಬರುತ್ತದೆ, ಅದರ ಓರೆ ಮಾತ್ರ ಜಾಸ್ತಿ ಆಗುತ್ತದೆ. ಬಿಂದುಗಳು ಗೆರೆಗೆ ಎಷ್ಟು ಹತ್ತಿರ ಇವೆ ಅನ್ನುವುದನ್ನಷ್ಟೇ ಆರ್-ಸ್ಕ್ವೇರ್ ಹೇಳುತ್ತದೆ. ಗೆರೆಯನ್ನು ಎಳೆದದ್ದು ಅಯೋಡೈಡೋ ಬಿಸಿಲೋ ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಮೂರು ಸಲ ಮಾಡಿ ಸರಾಸರಿ ತೆಗೆದದ್ದು ಒಳ್ಳೆಯದೇ. ಆದರೆ ಆ ಮೂರೂ ಸಲ ಬೆನ್ನಿಗೆ ಬೆನ್ನು, ಹತ್ತು ಹದಿನೈದು ನಿಮಿಷದೊಳಗೆ ಮಾಡಿರುತ್ತೀರಿ, ಅಲ್ವಾ? ಅಷ್ಟರಲ್ಲಿ ಬಿಸಿ ಹೆಚ್ಚು ಬದಲಾಗಿರುವುದಿಲ್ಲ. ಮೂರೂ ಹೊಂದಿಕೊಳ್ಳುತ್ತವೆ, ನಮಗೆ ಧೈರ್ಯ ಬರುತ್ತದೆ. ಕೈತಪ್ಪಿನಿಂದ ಬರುವ ಏರುಪೇರನ್ನು ಇಂಥ ಪುನರಾವರ್ತನೆ ಹಿಡಿಯುತ್ತದೆ. ದಿನವಿಡೀ ಒಂದೇ ದಿಕ್ಕಿಗೆ ಸರಿಯುವ ತಪ್ಪು ಇದರಿಂದ ತಪ್ಪಿಸಿಕೊಳ್ಳುತ್ತದೆ. ಲ್ಯಾಬಿನಲ್ಲಿ ಮಕ್ಕಳ ಅಂಕಿ ನೋಡುವಾಗ ನಾನು ಮೊದಲು ಕೇಳುವುದೇ ಇದನ್ನು: ಮೂರು ಸಲ ಮಾಡಿದಿರಿ ಸರಿ, ಯಾವ ಯಾವ ಹೊತ್ತಿನಲ್ಲಿ ಮಾಡಿದಿರಿ?

ಈಗ ಬಿಸಿಯ ಪಾಲನ್ನು ಲೆಕ್ಕ ಹಾಕೋಣ. ಈ ಕ್ರಿಯೆಯ ಆಕ್ಟಿವೇಶನ್ ಎನರ್ಜಿ, ಅಂದರೆ ಕ್ರಿಯೆ ನಡೆಯಲು ದಾಟಬೇಕಾದ ಶಕ್ತಿಯ ತಡೆ, ಮೋಲಿಗೆ ಸುಮಾರು 50 ಕಿಲೋಜೌಲ್. ಬಿಸಿಗೆ ತಕ್ಕಂತೆ ವೇಗ ಎಷ್ಟು ಏರುತ್ತದೆ ಅಂತ ಹೇಳುವ ಅರೀನಿಯಸ್ ಸೂತ್ರದಲ್ಲಿ ಇದನ್ನು ಹಾಕಿದರೆ, 30 ಡಿಗ್ರಿಯ ಆಸುಪಾಸಿನಲ್ಲಿ ಒಂದು ಡಿಗ್ರಿ ಏರಿದರೆ ವೇಗ ಶೇಕಡಾ ಆರೂವರೆಯಷ್ಟು ಏರುತ್ತದೆ. 30ರಿಂದ 38ಕ್ಕೆ ಹೋದರೆ ಸುಮಾರು 1.67 ಪಟ್ಟು. ಸಾಂದ್ರತೆ ಒಂದಿಷ್ಟೂ ಬದಲಾಯಿಸದೆ, ಸುಮ್ನೆ ಮಧ್ಯಾಹ್ನದವರೆಗೆ ಕಾದರೂ ವೇಗ ಇಷ್ಟು ಏರುತ್ತದೆ. ಅದೇ ಮಿಶ್ರಣ 73ರಿಂದ 61 ಸೆಕೆಂಡಿಗೆ ಇಳಿಯಲು ಮೂರು ಡಿಗ್ರಿ ಸಾಕು. ಮೊದಲ ದಿನದ ನಡುವಿನ ಫ್ಲಾಸ್ಕ್ 34ರ ಹತ್ತಿರ, ಎರಡನೇ ದಿನದ್ದು 37ರ ಹತ್ತಿರ ಇತ್ತು ಅಂದುಕೊಂಡರೆ ಲೆಕ್ಕ ಸರಿಹೋಗುತ್ತದೆ.

ಪುಸ್ತಕಗಳಲ್ಲಿ "ಕೋಣೆಯ ಉಷ್ಣತೆ" ಅಂತ ಒಂದೇ ಮಾತಿನಲ್ಲಿ ಬರೆದು ಮುಗಿಸಿರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ದಾಟುವ ಊರಿನಲ್ಲಿ ಕೋಣೆಯ ಉಷ್ಣತೆ ಅನ್ನುವುದು ಒಂದು ಸಂಖ್ಯೆಯಾಗಿ ನಿಲ್ಲುವುದಿಲ್ಲ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಕಿಟಕಿ ಪಕ್ಕ ಒಂದು, ಒಳಗಿನ ಮೂಲೆಯಲ್ಲಿ ಇನ್ನೊಂದು. ಶಹಾಬಾದ್ ಕಲ್ಲಿನ ಬೆಂಚು ನೆರಳಿನಲ್ಲಿದ್ದರೆ ತಣ್ಣಗಿರುತ್ತದೆ. ಅದೇ ಕಲ್ಲಿನ ಮೇಲೆ ಬಿಸಿಲು ಬಿದ್ದರೆ, ಅಲ್ಲಿಟ್ಟ ಫ್ಲಾಸ್ಕಿನ ದ್ರಾವಣ ಗೋಡೆಯ ಥರ್ಮಾಮೀಟರಿಗಿಂತ ಬೇಗ ಬಿಸಿಯಾಗುತ್ತದೆ. ಗೋಡೆಯದು ಗಾಳಿಯ ಬಿಸಿ. ನಮಗೆ ಬೇಕಾದದ್ದು ದ್ರಾವಣದ ಬಿಸಿ. ಇನ್ನು ಮುಂದೆ ಥರ್ಮಾಮೀಟರನ್ನು ಫ್ಲಾಸ್ಕಿನೊಳಗೇ ಇಡಿ.

ಆದರೆ ಬಿಸಿಲೊಂದೇ ಕಾರಣ ಆಗಿದ್ದರೆ ಎರಡನೇ ದಿನದ್ದು ಸರಿ ಬರಬೇಕಿತ್ತು. ಅದನ್ನು ಒಂದೇ ಗಂಟೆಯಲ್ಲಿ ಮುಗಿಸಿದ್ದೀರಿ. ಆದರೂ 1.24 ಬಂದಿದೆ. ಇಲ್ಲಿ ಎರಡನೇ ಕಾರಣ ಕಾಣಿಸುತ್ತದೆ. ಬಹಳ ಜನ ಬಿಟ್ಟುಬಿಡುವುದು ಇದನ್ನೇ. ಪರ್ಸಲ್ಫೇಟ್ ಅಯಾನಿನ ಮೇಲೆ ಎರಡು ಋಣ ಚಾರ್ಜ್, ಅಯೋಡೈಡಿನ ಮೇಲೆ ಒಂದು. ಎರಡೂ ಋಣ, ಒಂದನ್ನೊಂದು ದೂಡುತ್ತವೆ. ಹತ್ತಿರ ಬರುವುದೇ ಕಷ್ಟ. ದ್ರಾವಣದಲ್ಲಿ ಪೊಟ್ಯಾಶಿಯಂನಂಥ ಧನ ಅಯಾನುಗಳು ಜಾಸ್ತಿ ಇದ್ದರೆ ಅವು ಈ ಋಣ ಅಯಾನುಗಳನ್ನು ಸುತ್ತುವರಿಯುತ್ತವೆ, ದೂಡುವ ಬಲ ಕಡಿಮೆಯಾಗುತ್ತದೆ, ಕ್ರಿಯೆ ಬೇಗ ನಡೆಯುತ್ತದೆ. ಅಂದರೆ ಕ್ರಿಯೆಯಲ್ಲಿ ಭಾಗವಹಿಸದ ಉಪ್ಪು ಹಾಕಿದರೂ ವೇಗ ಏರುತ್ತದೆ. ಇದಕ್ಕೆ ಪ್ರೈಮರಿ ಸಾಲ್ಟ್ ಎಫೆಕ್ಟ್ ಅನ್ನುತ್ತಾರೆ. ಬ್ರಾನ್‌ಸ್ಟೆಡ್ ಮತ್ತು ಬ್ಯೆರಮ್ 1920ರ ದಶಕದಲ್ಲಿ ಇದರ ಲೆಕ್ಕ ಕೊಟ್ಟರು.

ನೀವು ಪರ್ಸಲ್ಫೇಟ್ ಕಡಿಮೆ ಮಾಡಿದಾಗ ಆ ಜಾಗಕ್ಕೆ ನೀರು ಹಾಕಿದಿರಿ. ಹಾಗಾಗಿ ಪರ್ಸಲ್ಫೇಟ್ ಕಡಿಮೆ ಇದ್ದ ಫ್ಲಾಸ್ಕಿನಲ್ಲಿ ಒಟ್ಟು ಅಯಾನುಗಳೂ ಕಡಿಮೆ, ಜಾಸ್ತಿ ಇದ್ದಲ್ಲಿ ಅವೂ ಜಾಸ್ತಿ. ಅಯಾನುಗಳ ಸಾಂದ್ರತೆ, ಚಾರ್ಜ್ ಎರಡನ್ನೂ ಸೇರಿಸಿ ಹೇಳುವ ಅಳತೆಗೆ ಅಯಾನಿಕ್ ಸ್ಟ್ರೆಂತ್ ಅನ್ನುತ್ತಾರೆ. ನಿಮ್ಮ ಎರಡನೇ ದಿನದ ಫ್ಲಾಸ್ಕುಗಳಲ್ಲಿ ಅದು 0.073ರಿಂದ 0.163ಕ್ಕೆ ಏರಿದೆ. ಸೂತ್ರದ ಪ್ರಕಾರ ಅಷ್ಟಕ್ಕೇ ವೇಗ ಸುಮಾರು 1.4 ಪಟ್ಟು ಆಗುತ್ತದೆ. ಸಾಂದ್ರತೆ ನಾಲ್ಕು ಪಟ್ಟು ಆದಾಗ ಈ 1.4 ಪಟ್ಟು ಆರ್ಡರಿಗೆ ಸುಮಾರು 0.25 ಸೇರಿಸುತ್ತದೆ. ನಿಮಗೆ ಬಂದದ್ದು 1.24. ಆ 0.25 ತೆಗೆದರೆ ಉಳಿಯುವುದು 1ರ ಹತ್ತಿರ.

ಮೊದಲ ದಿನಕ್ಕೂ ಹೀಗೇ ಮಾಡಿ. 208 ಸೆಕೆಂಡ್ 25ಕ್ಕೆ ಇಳಿದಿದೆ, ಅಂದರೆ ವೇಗ 8.3 ಪಟ್ಟು. ಇದರಲ್ಲಿ ಬಿಸಿಯ ಪಾಲು 1.67 ಪಟ್ಟು. ಅಯಾನಿಕ್ ಸ್ಟ್ರೆಂತ್ 0.083ರಿಂದ 0.143 ಆದದ್ದರ ಪಾಲು ಸುಮಾರು 1.27 ಪಟ್ಟು. 8.3 ಅನ್ನು 1.67ರಿಂದ ಭಾಗಿಸಿ, ಬಂದದ್ದನ್ನು 1.27ರಿಂದ ಭಾಗಿಸಿ. 3.9 ಬರುತ್ತದೆ. ಅಯೋಡೈಡ್ ನಾಲ್ಕು ಪಟ್ಟು ಆಗಿದೆ, ಉಳಿದ ವೇಗವೂ ಹೆಚ್ಚು ಕಡಿಮೆ ನಾಲ್ಕು ಪಟ್ಟು. ಆರ್ಡರ್ 1. ನೀವು ಅಳೆದ ಒಂದು ಸೆಕೆಂಡೂ ವ್ಯರ್ಥ ಆಗಿಲ್ಲ ನೋಡಿ. ನಿಮ್ಮ ಅಂಕಿಗಳೊಳಗೇ ಸರಿಯಾದ ಉತ್ತರ ಇತ್ತು, ಅದರ ಮೇಲೆ ಬೇರೆ ಎರಡು ಬಂದು ಕೂತಿದ್ದವು.

ಸಣ್ಣ ಕಾರಣಗಳೂ ಕೆಲವು ಇರುತ್ತವೆ. ಕಬ್ಬಿಣ ಮತ್ತು ತಾಮ್ರದ ಅಯಾನುಗಳು ತುಸುವೇ ಇದ್ದರೂ ಈ ಕ್ರಿಯೆಯನ್ನು ಚುರುಕು ಮಾಡುತ್ತವೆ. ಕರೆಂಟ್ ಹೋಗಿ ಡಿಸ್ಟಿಲ್ಡ್ ವಾಟರ್ ಖಾಲಿಯಾದಾಗ ಯಾರೋ ಬೋರಿನ ನೀರು ತುಂಬಿಟ್ಟರೆ, ಆ ದಿನದ ಸಮಯಗಳೇ ಬೇರೆ ಆಗುತ್ತವೆ. ಕುಡಿಯುವ ಕ್ಯಾನ್ ನೀರೂ ಬೇಡ. ಅಯೋಡೈಡ್ ದ್ರಾವಣ ಗಾಳಿ, ಬೆಳಕು, ಬಿಸಿಗೆ ಹಳದಿ ತಿರುಗುತ್ತದೆ. ಹಳದಿ ಕಂಡರೆ ಅದರಲ್ಲಿ ಆಗಲೇ ಅಯೋಡಿನ್ ಇದೆ ಅಂತ ಅರ್ಥ. ಅದು ನಿಮ್ಮ ಥಯೋಸಲ್ಫೇಟಿನ ಒಂದು ಪಾಲನ್ನು ಮೊದಲೇ ತಿಂದುಬಿಡುತ್ತದೆ, ನೀಲಿ ಬೇಗ ಬರುತ್ತದೆ. ಪರ್ಸಲ್ಫೇಟ್ ದ್ರಾವಣವೂ ನಿಧಾನವಾಗಿ ಒಡೆಯುತ್ತಾ ಇರುತ್ತದೆ. ಎಲ್ಲವನ್ನೂ ಅದೇ ದಿನ ಮಾಡಿಕೊಳ್ಳಿ. ಸ್ಟಾರ್ಚ್ ಅಂತೂ ನಮ್ಮ ಬೇಸಿಗೆಯಲ್ಲಿ ಮರುದಿನಕ್ಕೆ ಉಳಿಯುವುದೇ ಇಲ್ಲ.

ಥಯೋಸಲ್ಫೇಟ್ ಇಲ್ಲಿ ಏನು ಮಾಡುತ್ತದೆ ಅನ್ನುವುದನ್ನು ಸರಿಯಾಗಿ ತಿಳಿದುಕೊಳ್ಳಿ, ವೈವಾದಲ್ಲಿ ಖಂಡಿತ ಕೇಳುತ್ತಾರೆ. ಕ್ರಿಯೆಯಿಂದ ಬಂದ ಅಯೋಡಿನ್ನನ್ನು ಅದು ಹುಟ್ಟಿದ ಕೂಡಲೇ ಮತ್ತೆ ಅಯೋಡೈಡ್ ಮಾಡಿಬಿಡುತ್ತದೆ. ಥಯೋಸಲ್ಫೇಟ್ ಮುಗಿದ ಕ್ಷಣ ಅಯೋಡಿನ್ ಉಳಿಯುತ್ತದೆ, ಸ್ಟಾರ್ಚ್ ನೀಲಿಯಾಗುತ್ತದೆ. ನಿಮ್ಮ ಫ್ಲಾಸ್ಕಿನಲ್ಲಿ ಥಯೋಸಲ್ಫೇಟ್ 0.001 ಮೋಲಾರ್. ಎರಡು ಥಯೋಸಲ್ಫೇಟಿಗೆ ಒಂದು ಅಯೋಡಿನ್. ಹಾಗಾಗಿ ನೀಲಿ ಬರುವ ಹೊತ್ತಿಗೆ 0.0005 ಮೋಲಾರ್‌ನಷ್ಟು ಕ್ರಿಯೆ ನಡೆದಿರುತ್ತದೆ. ಅದನ್ನು ಸೆಕೆಂಡುಗಳಿಂದ ಭಾಗಿಸಿದರೆ ವೇಗ. ಇದರಲ್ಲಿ ಎರಡು ಅನುಕೂಲ ಇವೆ. ಅಯೋಡೈಡ್ ವಾಪಸ್ ಬರುವುದರಿಂದ ನೀಲಿ ಬರುವವರೆಗೆ ಅದರ ಸಾಂದ್ರತೆ ಇಳಿಯುವುದೇ ಇಲ್ಲ. ಪರ್ಸಲ್ಫೇಟ್ ಇಳಿಯುತ್ತದೆ, ಆದರೆ ಸ್ವಲ್ಪ. ನಿಮ್ಮ ಅತಿ ಕಡಿಮೆಯ 0.01ರ ಫ್ಲಾಸ್ಕಿನಲ್ಲೂ ಶೇಕಡಾ ಐದು ಮಾತ್ರ. ಐದಕ್ಕಿಂತ ಮೇಲೆ ಹೋಗಲು ಬಿಡಬೇಡಿ. ಹೋದರೆ ನೀವು ಅಳೆಯುತ್ತಿರುವುದು ಶುರುವಿನ ವೇಗ ಆಗಿರುವುದಿಲ್ಲ.

ಈ ಉಪಾಯ ಹೊಸದಲ್ಲ. ಆಕ್ಸ್‌ಫರ್ಡಿನಲ್ಲಿ ರಸಾಯನಶಾಸ್ತ್ರದ ಹಾರ್ಕೋರ್ಟ್ ಮತ್ತು ಗಣಿತದ ಎಸ್ಸನ್ ಸೇರಿ 1860ರ ದಶಕದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಅಯೋಡೈಡ್ ಕ್ರಿಯೆಯನ್ನು ಥಯೋಸಲ್ಫೇಟ್ ಹಾಕುತ್ತಲೇ ಅಳೆದರು. ಅವರಿಗಿಂತ ಮೊದಲು, 1850ರಲ್ಲಿ, ವಿಲ್ಹೆಲ್ಮಿ ಆಮ್ಲದಲ್ಲಿ ಸಕ್ಕರೆ ಒಡೆಯುವುದನ್ನು ಪೋಲಾರಿಮೀಟರಿನಲ್ಲಿ ನೋಡಿ ಮೊದಲ ರೇಟ್ ಲಾ ಬರೆದರು. ಆ ಕಾಲದ ಇವರೆಲ್ಲರ ಪ್ರಯೋಗಗಳಲ್ಲಿ ನನಗೆ ಮೆಚ್ಚುಗೆಯಾಗುವುದು ಒಂದೇ: ಒಂದನ್ನು ಬದಲಾಯಿಸುವಾಗ ಉಳಿದದ್ದನ್ನೆಲ್ಲಾ ಕಟ್ಟಿಹಾಕಲು ಅವರು ಪಟ್ಟ ಶ್ರಮ. ಪರೀಕ್ಷೆಯಲ್ಲಿ ಕೊಡುವ ಲೆಕ್ಕಗಳಲ್ಲಿ ಆ ಶ್ರಮ ಕಾಣುವುದಿಲ್ಲ. ಅಲ್ಲಿ ವೇಗ 2, 4, 8 ಅಂತ ಅಚ್ಚುಕಟ್ಟಾಗಿ ಏರುತ್ತದೆ. ಎರಡು ಸಾಲು ತೆಗೆದುಕೊಂಡು ಭಾಗಿಸಿದರೆ ಉತ್ತರ ಸಿಗುತ್ತದೆ. ಅದನ್ನೇ ಮಾಡಿ ಮಾಡಿ ರೇಟ್ ಲಾ ಅಂದರೆ ಭಾಗಾಕಾರ ಅಂತ ಮಕ್ಕಳು ತಿಳಿದುಕೊಳ್ಳುತ್ತಾರೆ. ಈ ವಿಷಯದಲ್ಲಿ ನಾವು ಕಲಿಸುವವರು ಇನ್ನೂ ಜಾಸ್ತಿ ಗಮನ ಕೊಡಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಈಗ ನೀವು ಏನು ಮಾಡಬಹುದು ಅಂತ ನೋಡೋಣ.

ಒಂದು ದಾರಿ, ನೀವೇ ಕೇಳಿದ ಹಾಗೆ 1 ಅಂತ ತಿದ್ದಿ ಬರೆಯುವುದು. ದಯವಿಟ್ಟು ಬೇಡ. ಸಮಯದ ಕಾಲಮ್ಮಿನಲ್ಲಿ 208, 73, 25 ಇರುತ್ತದೆ, ಕೆಳಗೆ ಆರ್ಡರ್ 1 ಅಂತ ಇರುತ್ತದೆ. ಯಾರಾದರೂ ಒಂದು ನಿಮಿಷ ಲೆಕ್ಕ ಹಾಕಿದರೆ ಸಿಕ್ಕಿಬೀಳುತ್ತೀರಿ. ಅದು ಬೇಡ ಅಂತ ಸಮಯಗಳನ್ನೂ ತಿದ್ದಿದರೆ, ಕಷ್ಟಪಟ್ಟು ಮಾಡಿದ ಪ್ರಯೋಗವನ್ನು ನೀವೇ ಅಳಿಸಿಹಾಕಿದ ಹಾಗೆ. ಇದು ಬರೀ ಮಾರ್ಕ್ಸಿನ ವಿಷಯ ಅಲ್ಲ, ತಂಗಿ. ಬೀದರ್ ಕಡೆ ಔಷಧಿ ಕಾರ್ಖಾನೆಗಳಿವೆ, ನಾಳೆ ಅಂಥ ಕಡೆ ಕೆಲಸಕ್ಕೆ ಸೇರಬಹುದು. ಒಂದು ಬ್ಯಾಚ್ ಎಷ್ಟು ಹೊತ್ತಿನಲ್ಲಿ ಮುಗಿಯುತ್ತದೆ, ಎಷ್ಟು ಬಿಸಿ ಹೊರಬರುತ್ತದೆ ಅಂತ ಅಲ್ಲಿ ಲೆಕ್ಕ ಹಾಕುವುದು ಇಂಥದ್ದೇ ಅಂಕಿಗಳಿಂದ. ಬರಬೇಕಾದ ಉತ್ತರಕ್ಕೆ ಅಂಕಿ ಹೊಂದಿಸುವ ರೂಢಿ ಅಲ್ಲಿ ಅಪಾಯ ತರುತ್ತದೆ.

ಎರಡನೇ ದಾರಿ, ನಾನು ಮೇಲೆ ಮಾಡಿದ ಹಾಗೆ ಬಿಸಿ ಮತ್ತು ಉಪ್ಪಿನ ಪಾಲನ್ನು ಲೆಕ್ಕದಿಂದ ತೆಗೆಯುವುದು. ಸಮಯವೇ ಇಲ್ಲ ಅಂದರೆ ಇದು ಮರ್ಯಾದೆಯ ದಾರಿ. ಆದರೆ ಇದರ ದೌರ್ಬಲ್ಯ ತಿಳಿದಿರಲಿ. 50 ಕಿಲೋಜೌಲ್ ಅನ್ನುವುದು ನೀವು ಅಳೆದದ್ದಲ್ಲ, ಬೇರೆಯವರಿಂದ ತಂದದ್ದು. ದ್ರಾವಣದ ನಿಜವಾದ ಬಿಸಿ ನಿಮ್ಮ ಹತ್ತಿರ ಇಲ್ಲ, ಗೋಡೆಯದು ಮಾತ್ರ ಇದೆ. ಸಾಲ್ಟ್ ಎಫೆಕ್ಟ್ ಸೂತ್ರ ಉಪ್ಪು ತುಂಬಾ ಕಡಿಮೆ ಇರುವ ದ್ರಾವಣಕ್ಕೆ ಚೆನ್ನಾಗಿ ಹೊಂದುತ್ತದೆ, ನಿಮ್ಮದರಂಥ ದ್ರಾವಣಕ್ಕೆ ಅಂದಾಜು ಮಾತ್ರ ಕೊಡುತ್ತದೆ. ಉತ್ತರ 1 ಅಂತ ಮೊದಲೇ ಗೊತ್ತಿರುವಾಗ ಹೀಗೆ ಕಳೆಯುತ್ತಾ 1ಕ್ಕೆ ಬರುವುದು ತೀರಾ ಸುಲಭ. 1.5 ಯಾಕೆ ಬಂತು ಅನ್ನುವುದಕ್ಕೆ ಇದು ಒಳ್ಳೆಯ ವಿವರಣೆ, ಆರ್ಡರ್ 1 ಅನ್ನುವುದಕ್ಕೆ ಪುರಾವೆ ಅಲ್ಲ.

ಮೂರನೆಯದು, ಮತ್ತೆ ಮಾಡುವುದು. ಒಂದು ಬೆಳಗಿನ ಕೆಲಸ ಅಷ್ಟೇ. ನಾನಾಗಿದ್ದರೆ ಇದನ್ನೇ ಮಾಡುತ್ತಿದ್ದೆ. ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಉಪ್ಪನ್ನು ಕಟ್ಟಿಹಾಕುವುದು ಸುಲಭ. ಬೆರೆಸುವ ಮೊದಲು ಬಾಟಲಿಯಲ್ಲಿರುವ ನಿಮ್ಮ ಅಯೋಡೈಡ್ 0.2 ಮೋಲಾರ್, ಪರ್ಸಲ್ಫೇಟ್ 0.1 ಮೋಲಾರ್ ಅಂದುಕೊಳ್ಳೋಣ. ಜೊತೆಗೆ ಇನ್ನೆರಡು ದ್ರಾವಣ ಮಾಡಿಕೊಳ್ಳಿ: 0.2 ಮೋಲಾರ್ ಪೊಟ್ಯಾಶಿಯಂ ನೈಟ್ರೇಟ್, 0.1 ಮೋಲಾರ್ ಪೊಟ್ಯಾಶಿಯಂ ಸಲ್ಫೇಟ್. ಅಯೋಡೈಡ್ ಎಷ್ಟು ಕಡಿಮೆ ಹಾಕುತ್ತೀರೋ ಅಷ್ಟು ನೈಟ್ರೇಟ್ ಹಾಕಿ, ಎರಡೂ ಸೇರಿ ಯಾವಾಗಲೂ 20 ಎಂ.ಎಲ್. ಇರಲಿ. ಪರ್ಸಲ್ಫೇಟ್ ಕಡಿಮೆ ಹಾಕಿದಲ್ಲಿ ಸಲ್ಫೇಟ್ ಹಾಕಿ, ಅವೂ ಸೇರಿ 20 ಎಂ.ಎಲ್. ಥಯೋಸಲ್ಫೇಟ್ 5, ಸ್ಟಾರ್ಚ್ 1, ನೀರು 4. ಒಟ್ಟು 50. ಹೀಗೆ ಮಾಡಿದರೆ ಪ್ರತಿ ಫ್ಲಾಸ್ಕಿನಲ್ಲೂ ಅಯಾನಿಕ್ ಸ್ಟ್ರೆಂತ್ ಒಂದೇ, ಸುಮಾರು 0.2. ನೈಟ್ರೇಟ್, ಸಲ್ಫೇಟ್ ಎರಡೂ ಈ ಕ್ರಿಯೆಯಲ್ಲಿ ಕೈಹಾಕುವುದಿಲ್ಲ. ನಿಮ್ಮ ಸಮಯಗಳು ಹಿಂದಿನದಕ್ಕಿಂತ ಕಡಿಮೆ ಬರಬಹುದು, ಗಾಬರಿ ಬೇಡ. ಉಪ್ಪು ಜಾಸ್ತಿ ಇದೆ, ಅದಕ್ಕೆ.

ಬಿಸಿಯನ್ನು ಕಟ್ಟಿಹಾಕುವುದು ಇನ್ನೊಂದು ಕೆಲಸ. ಲ್ಯಾಬಿನಲ್ಲಿ ಥರ್ಮೋಸ್ಟಾಟ್ ಇರುವ ವಾಟರ್ ಬಾತ್ ಇದ್ದರೆ ಕೇಳಿ ತೆಗೆದುಕೊಳ್ಳಿ. ಅದನ್ನು 25ಕ್ಕೆ ಇಡಲು ಹೋಗಬೇಡಿ. ಅದಕ್ಕೆ ಬಿಸಿ ಮಾಡಲು ಬರುತ್ತದೆ, ತಣ್ಣಗೆ ಮಾಡಲು ಬರುವುದಿಲ್ಲ. ಕೋಣೆಗಿಂತ ಎರಡು ಮೂರು ಡಿಗ್ರಿ ಮೇಲೆ ಇಡಿ. ವಾಟರ್ ಬಾತ್ ಇಲ್ಲವೇ? ಒಂದು ದೊಡ್ಡ ಪ್ಲಾಸ್ಟಿಕ್ ಟಬ್ ಸಾಕು. ಬೆಳಿಗ್ಗೆ ಬೇಗ ಅದರಲ್ಲಿ ನೀರು ತುಂಬಿ, ಬಿಸಿಲು ಬೀಳದ ಕಡೆ ಇಡಿ. ಅಷ್ಟು ನೀರು ಒಂದು ಗಂಟೆಯಲ್ಲಿ ಹೆಚ್ಚು ಬಿಸಿಯಾಗುವುದಿಲ್ಲ. ಎಲ್ಲಾ ಬಾಟಲಿ, ಫ್ಲಾಸ್ಕುಗಳನ್ನು ಅದರಲ್ಲಿ ಕಾಲು ಗಂಟೆ ಇಟ್ಟು, ಆಮೇಲೆ ಬೆರೆಸಿ. ಪ್ರತಿ ಸಲ ನೀಲಿ ಬಂದ ಕೂಡಲೇ ಫ್ಲಾಸ್ಕಿನೊಳಗಿನ ಬಿಸಿ ಬರೆದುಕೊಳ್ಳಿ. ಅರ್ಧ ಡಿಗ್ರಿಯೊಳಗೆ ಹಿಡಿದಿಟ್ಟರೆ ವೇಗದಲ್ಲಿ ತಪ್ಪು ಶೇಕಡಾ ಮೂರರಷ್ಟು, ಆರ್ಡರಿನಲ್ಲಿ ಅದು 0.02ರ ಆಸುಪಾಸು. ನಮ್ಮ ಕೆಲಸಕ್ಕೆ ಧಾರಾಳ ಸಾಕು.

ಮೂರನೆಯದನ್ನು ಯಾರೂ ಹೇಳಿಕೊಡುವುದಿಲ್ಲ, ನನಗೆ ಅದೇ ಮುಖ್ಯ ಅನಿಸುತ್ತದೆ. ಕಡಿಮೆಯಿಂದ ಜಾಸ್ತಿಗೆ ಅಂತ ಕ್ರಮವಾಗಿ ಹೋಗಬೇಡಿ. ಚೀಟಿ ಬರೆದು ಎತ್ತಿ, ಬಂದ ಕ್ರಮದಲ್ಲಿ ಮಾಡಿ. ನಡುವಿನ ಮಿಶ್ರಣವನ್ನು, ಅಂದರೆ ಆ 0.04 ಮತ್ತು 0.02ರದ್ದನ್ನು, ಶುರುವಿನಲ್ಲಿ ಒಂದು ಸಲ, ನಡುವೆ ಒಂದು ಸಲ, ಕೊನೆಗೆ ಒಂದು ಸಲ ಮಾಡಿ. ಮೂರೂ ಸಮಯ ಹೊಂದಿದರೆ ಆ ದಿನ ಏನೂ ಸರಿದಿಲ್ಲ ಅಂತ ಗೊತ್ತಾಗುತ್ತದೆ. ಹೊಂದದಿದ್ದರೆ ಅಲ್ಲೇ ನಿಲ್ಲಿಸಿ ಕಾರಣ ಹುಡುಕಿ, ಮುಂದಿನ ಫ್ಲಾಸ್ಕಿಗೆ ಹೋಗಬೇಡಿ.

ಲೆಕ್ಕ ಹಾಕುವಾಗ ಗ್ರಾಫಿನ ಜೊತೆ ಇನ್ನೊಂದು ಪರೀಕ್ಷೆ ಮಾಡಿ. ಪ್ರತಿ ಫ್ಲಾಸ್ಕಿನ ವೇಗವನ್ನು ಅದರ ಅಯೋಡೈಡ್ ಮತ್ತು ಪರ್ಸಲ್ಫೇಟ್ ಸಾಂದ್ರತೆಗಳ ಗುಣಲಬ್ಧದಿಂದ ಭಾಗಿಸಿ. ಬರುವುದು ರೇಟ್ ಕಾನ್‌ಸ್ಟಂಟ್ ಕೆ. ನಿಮ್ಮ ಮೊದಲ ದಿನದ ಅಂಕಿಗಳಿಗೆ ಇದು 0.0060, 0.0086, 0.0125 ಆಗುತ್ತದೆ. ಏರುತ್ತಲೇ ಹೋಗಿದೆ. ಅಯೋಡೈಡಿಗೆ 1.5 ಹಾಕಿ ಮಾಡಿದರೆ ಆ ಮೂರು ಫ್ಲಾಸ್ಕಿಗೂ ಕೆ ಹೆಚ್ಚು ಕಡಿಮೆ ಒಂದೇ ಬರುತ್ತದೆ, ಸುಮಾರು 0.043. ಅಷ್ಟನ್ನೇ ನೋಡಿದರೆ 1.5 ಗೆದ್ದ ಹಾಗೆ ಕಾಣುತ್ತದೆ. ಅದೇ ಕೆ ಇಟ್ಟುಕೊಂಡು ಎರಡನೇ ದಿನದ ನಡುವಿನ ಫ್ಲಾಸ್ಕಿಗೆ ಬನ್ನಿ, ಅಲ್ಲಿ 0.051 ಬೇಕಾಗುತ್ತದೆ. ಮಿಶ್ರಣ ಅದೇ, ಕೆ ಬೇರೆ. ರೇಟ್ ಲಾ ನಿಜವಾಗಿದ್ದರೆ, ಅದನ್ನು ತೆಗೆಯಲು ಬಳಸದೇ ಇದ್ದ ಫ್ಲಾಸ್ಕಿನ ಸಮಯವನ್ನೂ ಅದು ಸರಿಯಾಗಿ ಮೊದಲೇ ಹೇಳಬೇಕು. ಹೊಸ ಪ್ರಯೋಗದಲ್ಲಿ ಇದಕ್ಕಾಗಿಯೇ ಒಂದು ಫ್ಲಾಸ್ಕ್ ಬೇರೆ ಇಡಿ: ಅಯೋಡೈಡ್ 0.06, ಪರ್ಸಲ್ಫೇಟ್ 0.03. ಎಷ್ಟು ಸೆಕೆಂಡ್ ಬರಬೇಕು ಅಂತ ಮೊದಲೇ ಬರೆದಿಟ್ಟು, ಆಮೇಲೆ ಬೆರೆಸಿ.

ಇನ್ನೊಂದು ವಿಧಾನವೂ ಇದೆ: ಅಯೋಡೈಡನ್ನು ತುಂಬಾ ಜಾಸ್ತಿ ಹಾಕಿ, ಒಂದೇ ಫ್ಲಾಸ್ಕಿನಿಂದ ಆಗಾಗ ಸ್ವಲ್ಪ ತೆಗೆದು, ಐಸ್ ನೀರಿಗೆ ಹಾಕಿ ಕ್ರಿಯೆಯನ್ನು ತಡೆದು, ಟೈಟ್ರೇಷನ್ ಮಾಡುತ್ತಾ ಹೋಗುವುದು. ಆಮೇಲೆ ಉಳಿದ ಪರ್ಸಲ್ಫೇಟಿನ ಲಾಗ್ ಮತ್ತು ಸಮಯದ ಗ್ರಾಫ್. ಇದು ಪರ್ಸಲ್ಫೇಟಿನ ಆರ್ಡರಿಗೆ ಒಳ್ಳೆಯದು. ಆದರೆ ಕ್ರಿಯೆ ಮುಕ್ಕಾಲು ಪಾಲು ಮುಗಿಯುವವರೆಗಾದರೂ ನೋಡಬೇಕು. ಮೊದಲ ಕಾಲು ಭಾಗದಲ್ಲೇ ನಿಲ್ಲಿಸಿದರೆ ಸೊನ್ನೆ, ಒಂದು, ಎರಡು, ಯಾವ ಆರ್ಡರಿನ ಗ್ರಾಫ್ ಹಾಕಿದರೂ ನೇರವಾಗಿಯೇ ಕಾಣುತ್ತದೆ. ಅಷ್ಟು ಹೊತ್ತು ಬಿಸಿಯನ್ನು ಒಂದೇ ಸಮ ಇಡುವುದು ನಮ್ಮ ಊರಿನಲ್ಲಿ ಇನ್ನೂ ಕಷ್ಟ. ಪರೀಕ್ಷೆ ಹತ್ತಿರ ಇರುವಾಗ ಇದಕ್ಕೆ ಕೈಹಾಕಬೇಡಿ.

ಕೊನೆಗೆ ರೆಕಾರ್ಡ್. ಹಳೆಯ ಅಂಕಿಗಳ ಪುಟ ಹರಿಯಬೇಡಿ. ಅವನ್ನು ಹಾಗೇ ಇಟ್ಟು, ಕೆಳಗೆ ಬರೆಯಿರಿ: "ಈ ಅಂಕಿಗಳಿಂದ ಅಯೋಡೈಡಿಗೆ ತೋರಿಕೆಯ ಆರ್ಡರ್ 1.5, ಪರ್ಸಲ್ಫೇಟಿಗೆ 1.24. ಪ್ರಯೋಗದ ವೇಳೆ ಉಷ್ಣತೆ 30ರಿಂದ 38 ಡಿಗ್ರಿಗೆ ಏರಿದೆ, ಅಯಾನಿಕ್ ಸ್ಟ್ರೆಂತ್ ಸ್ಥಿರವಾಗಿರಲಿಲ್ಲ, ಒಂದೇ ಮಿಶ್ರಣಕ್ಕೆ ಎರಡು ದಿನ 73 ಮತ್ತು 61 ಸೆಕೆಂಡ್ ಬಂದಿದೆ." ಮುಂದಿನ ಪುಟದಲ್ಲಿ ಹೊಸ ಅಂಕಿಗಳು. ಹೊಸದರಲ್ಲಿ 0.97 ಬಂದರೆ 0.97 ಅಂತಲೇ ಬರೆಯಿರಿ, 1.04 ಬಂದರೆ 1.04. "ಅಳತೆಯ ತಪ್ಪಿನ ಮಿತಿಯೊಳಗೆ 1" ಅಂತ ಪಕ್ಕದಲ್ಲಿ ಸೇರಿಸಿ. ಪರೀಕ್ಷಕರು ಹಳೆಯ ಪುಟ ನೋಡಿ ಇದೇನು 1.5 ಅಂತ ಕೇಳಿದರೆ, ಎರಡೂ ದಿನದ ನಡುವಿನ ಫ್ಲಾಸ್ಕನ್ನು ತೋರಿಸಿ ಅಲ್ಲಿಂದ ಉತ್ತರ ಶುರು ಮಾಡಿ.